ಲಾಕರಿನಲ್ಲಿ ಇಡಬಾರದ್ದು

ಬ್ಯಾಂಕಿನ ಲಾಕರು ಭದ್ರವೋ ಅಲ್ಲವೋ ಎಂದು ಯಾರಾದರೂ ಕೇಳಿದರೆ, ಚಿನ್ನಕ್ಕೆ ಭದ್ರ ಎನ್ನುತ್ತೇನೆ. ಇನ್ನೂ ಕೆದಕಿದರೆ ಅಮ್ಮನ ಕತೆ ಹೇಳಬೇಕಾಗುತ್ತದೆ.

ಕೊಪ್ಪದ ಒಂದು ಬ್ಯಾಂಕಿನಲ್ಲಿ ಅಮ್ಮನ ಹೆಸರಿಗೂ ನನ್ನ ಹೆಸರಿಗೂ ಸೇರಿ ಒಂದು ಲಾಕರು ಇತ್ತು. ನನ್ನನ್ನು ಶೃಂಗೇರಿಗೆ ಮದುವೆ ಮಾಡಿ ಕೊಟ್ಟ ಮೇಲೆ ಅಮ್ಮನೇ ಓಡಾಡಿ ಮಾಡಿಸಿದ್ದು. ಅವಳ ಒಡವೆ, ನನ್ನ ಒಡವೆ ಎರಡೂ ಅದರಲ್ಲಿ. "ಯಾಕೆ, ಶೃಂಗೇರಿಯಲ್ಲಿ ಬ್ಯಾಂಕಿಲ್ವಾ?" ಎಂದು ನನ್ನ ಗಂಡ ಆಗ ಕೇಳಿದ್ದರು. ಅಮ್ಮ ಅವರ ಕೈಗೆ ಕಾಫಿ ಲೋಟ ಕೊಟ್ಟು ಮಾತು ಬದಲಿಸಿದಳು. ಲಾಕರು ಕೊಪ್ಪದಲ್ಲಿದ್ದರೆ ಪ್ರತಿ ಮದುವೆ ಮುಂಜಿಗೂ ಒಡವೆ ತೆಗೆಯುವುದಕ್ಕೆ ಮಗಳು ಒಮ್ಮೆ ಬರಬೇಕು, ತಿರುಗಿ ಇಡುವುದಕ್ಕೆ ಇನ್ನೊಮ್ಮೆ ಬರಬೇಕು. ಬಂದವಳು ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ತವರುಮನೆಗೆ ಹೋಗಿ ಉಂಡು ಹೋಗದಿರುತ್ತಾಳೆಯೇ? ಅಮ್ಮನ ಈ ಉಪಾಯ ನನಗೆ ಮೊದಲ ವರ್ಷವೇ ತಿಳಿದಿತ್ತು. ನಾನೂ ಬಾಯಿ ಬಿಡಲಿಲ್ಲ. ನನಗೂ ಬೇಕಾಗಿದ್ದದ್ದು ಅದೇ.

ಅವಳಿಗೆ ಹೀಗೆ ಅನಿಸುವುದಕ್ಕೆ ಕಾರಣವಿತ್ತು. ಅಮ್ಮನ ತವರು ನರಸಿಂಹರಾಜಪುರದ ಕಡೆ. ಅವಳು ಚಿಕ್ಕವಳಿದ್ದಾಗಲೇ ಭದ್ರಾ ಅಣೆಕಟ್ಟಿನ ಹಿನ್ನೀರು ಬಂದು ಮನೆ, ಗದ್ದೆ ಎಲ್ಲ ಮುಳುಗಿಹೋಯಿತು. ಒಡಹುಟ್ಟಿದವರು ದಿಕ್ಕಿಗೊಬ್ಬರಾದರು. ಮದುವೆಯಾದ ಮೇಲೆ "ಬಾ" ಎಂದು ಕರೆಯುವ ಮನೆಯೊಂದು ಅವಳಿಗೆ ಉಳಿಯಲಿಲ್ಲ. "ನನ್ನ ತವರುಮನೆ ಭದ್ರೆ ಹೊಟ್ಟೇಲಿ ಭದ್ರವಾಗಿ ಇದ್ದು, ಯಾವ ಕಳ್ಳನೂ ಮುಟ್ಟೂಲೆ ಆಗ್ತಿಲ್ಲೆ" ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಅದು ನಗುವ ಮಾತಲ್ಲ ಎಂದು ಈಗ ಅನಿಸುತ್ತದೆ.

ಲಾಕರು ಬ್ಯಾಂಕಿನ ಉಕ್ಕಿನ ಕೋಣೆಯಲ್ಲಿ, ಅದರ ಕೀಲಿ ಮಾತ್ರ ಅಮ್ಮನ ಅಡುಗೆಮನೆಯ ಮೆಂತ್ಯದ ಡಬ್ಬದಲ್ಲಿ. ಕಳ್ಳರಿಗೆ ಮೆಂತ್ಯ ಕಹಿ, ಕೈ ಹಾಕುವುದಿಲ್ಲ ಎಂಬುದು ಅಮ್ಮನ ವಾದ. ನಾನು ಶೃಂಗೇರಿಯಿಂದ ಬಸ್ಸಿಳಿದು ಬರುವ ಹೊತ್ತಿಗೆ ಅವಳು ಬ್ಯಾಂಕಿನ ಎದುರು ಕೊಡೆ ಹಿಡಿದು ನಿಂತಿರುತ್ತಿದ್ದಳು. ಬಿಸಿಲಿದ್ದರೂ ಕೊಡೆ, ಮೋಡವಿದ್ದರೂ ಕೊಡೆ. ಬ್ಯಾಂಕಿನವರು ತಮ್ಮ ಕೀಲಿ ತಿರುಗಿಸಿ ಕೊಡುವರು, ಮೆಂತ್ಯದ ವಾಸನೆಯ ನಮ್ಮ ಕೀಲಿಯನ್ನು ಅಮ್ಮ ತಿರುಗಿಸುವಳು, ಅವರು ಹೊರಗೆ ಹೋಗುವರು. ಆಮೇಲೆ ಆ ಕೋಣೆ ನಮ್ಮದು. ಅಮ್ಮ ಅವಲಕ್ಕಿ ಸರ, ಬಳೆ, ಬೆಂಡೋಲೆ ಎಲ್ಲ ತೆಗೆದು ಒಂದೊಂದಾಗಿ ನನಗೆ ಹಾಕಿ ನೋಡುವಳು.

"ಹಾಕ್ಕಳೆ ಕೂಸೆ. ಹೊರಗೆ ಹಾಕ್ಕಂಡ್ರೆ ಹೆದರಿಕೆ. ಇಲ್ಲಿಗೆ ಯಾವ ಕಳ್ಳ ಬತ್ತಾ?"

ಕೊನೆಗೆ ಎಲ್ಲ ಕಳಚಿ ಒಳಗಿಟ್ಟು, "ನೀ ಹೊರಗೆ ನಡಿ. ಬಾಗ್ಲು ಹಾಕಿಕ್ಕಿ ನಾ ಬತ್ತೆ" ಎಂದು ನನ್ನನ್ನು ಮೊದಲು ಕಳಿಸುವಳು. ಪ್ರತಿ ಸಲವೂ. ದೇವರಿಗೆ ಕೈ ಮುಗಿಯುತ್ತಾಳೇನೋ ಎಂದುಕೊಂಡು ನಾನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ.

ಅಮ್ಮ ಹೋದಳು. ವರ್ಷಾಂತಿಕ ಮುಗಿದ ಮೇಲೆ ಅಣ್ಣ ಒಂದು ವೀಡಿಯೊ ಕಳಿಸಿದ. ಯಾವುದೋ ಊರಿನ ಯಾವುದೋ ಲಾಕರಿನಲ್ಲಿ ನೋಟಿನ ಕಟ್ಟನ್ನು ಗೆದ್ದಲು ತಿಂದಿತ್ತು. ಅದರ ಹಿಂದೆಯೇ ಫೋನು.

"ನೋಡಿದ್ಯಾ? ಒಳಗೆ ಎಂತ ಇಟ್ಟಿದ್ದ್ವಿ ಅಂತ ಬ್ಯಾಂಕಿನವರಿಗೇ ಗೊತ್ತಿರದಿಲ್ಲೆ. ನಾಳೆ ಒಡವೆ ಹೋದ್ರೆ ಯಾರನ್ನ ಕೇಳದು ಮಾರಾಯ್ತಿ? ಬಿಡಿಸಿ ನಿನ್ನ ಹತ್ರಾನೇ ಇಟ್ಗ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಗೆದ್ದಲಿನ ಭಯ ನನಗಿರಲಿಲ್ಲ. ಆ ಲಾಕರು ಮುಚ್ಚಿದರೆ ಕೊಪ್ಪಕ್ಕೆ ಬರುವುದಕ್ಕೆ ನನಗೆ ಇನ್ನೇನು ನೆಪ ಎಂಬುದೇ ಭಯ. ಅಣ್ಣ ಅತ್ತಿಗೆ ಒಳ್ಳೆಯವರು, ಹೋದರೆ ಬೇಡ ಎನ್ನುವವರಲ್ಲ. ಆದರೆ ಬೇಡ ಎನ್ನದಿರುವುದು ಬೇರೆ, ಕೊಡೆ ಹಿಡಿದು ಕಾಯುವುದು ಬೇರೆ. ಲಾಕರನ್ನು ನನ್ನೊಬ್ಬಳ ಹೆಸರಿಗೆ ಮಾಡಿಸಿಕೊಂಡೇ ಬರುತ್ತೇನೆ, ಯಾರು ಏನೇ ಹೇಳಲಿ ಎಂದು ಹಟ ಹಿಡಿದು ಬಸ್ಸು ಹತ್ತಿದೆ.

ಅಣ್ಣ ಮನೆಯಿಂದ ಕೀಲಿ ತೆಗೆದುಕೊಂಡು ಬ್ಯಾಂಕಿಗೆ ಬಂದಿದ್ದ. ಹೊರಗೆ ಬೆಂಚಿನ ಮೇಲೆ ಕೂತ. ಆಫೀಸರ್ ಚಿಕ್ಕ ವಯಸ್ಸಿನ ಹುಡುಗಿ. ಹೊಸದಾಗಿ ಕರಾರು ಮಾಡಬೇಕು ಎಂದು ಕಾಗದ ತಂದು ಓದಿ ಹೇಳಿದಳು: ಸ್ಫೋಟಕ ಇಡುವಂತಿಲ್ಲ, ಆಯುಧ ಇಡುವಂತಿಲ್ಲ, ಬೇಗ ಕೆಡುವ ವಸ್ತು ಇಡುವಂತಿಲ್ಲ. "ನಮ್ಮಮ್ಮ ಬಾಂಬು ಇಡುವ ಪೈಕಿ ಅಲ್ಲ" ಎಂದೆ. ಅವಳು ನಕ್ಕು ತನ್ನ ಕೀಲಿ ತಿರುಗಿಸಿ ಹೋದಳು.

ಒಡವೆಯ ಡಬ್ಬ ಹೇಗಿತ್ತೋ ಹಾಗೇ ಇತ್ತು. ಚಿನ್ನಕ್ಕೆ ಏನೂ ಆಗಿರಲಿಲ್ಲ. ಡಬ್ಬ ಎತ್ತಿದಾಗ ಅದರ ಹಿಂದೆ, ಗೋಡೆಗೆ ತಾಗಿ, ಅಮ್ಮನ ಹಳೆಯ ಸೀರೆಯಲ್ಲಿ ಹೊಲಿದ ಒಂದು ಚೀಲ ಸಿಕ್ಕಿತು. ಬಿಚ್ಚಿದರೆ ಒಳಗೆ ಪುಟ್ಟ ಪುಟ್ಟ ಗಂಟುಗಳು. ಒಂದು ಗಂಟು ಬಿಚ್ಚಿದೆ. ಹುಳ ತಿಂದು ಹಿಟ್ಟಾದ ಅಕ್ಕಿ, ಕುಂಕುಮ ಮೆತ್ತಿದ ನಾಲ್ಕಾರು ಗಟ್ಟಿ ಕಾಳು. ಅಯ್ಯೋ ಅಮ್ಮನ ಬುದ್ಧಿಯೇ, ಲಾಕರಿನಲ್ಲಿ ಯಾರಾದರೂ ಅಕ್ಕಿ ಇಡುತ್ತಾರೆಯೇ ಎಂದು ಮೊದಲು ರೇಗಿತು.

ಆಮೇಲೆ ಗಂಟಿನ ಬಟ್ಟೆ ನೋಡಿದೆ. ಹಸಿರು, ಸಣ್ಣ ಮಾವಿನ ಚಿತ್ತಾರ. ಆ ಬಟ್ಟೆಯ ರವಿಕೆ ನನ್ನಲ್ಲಿತ್ತು. ಇನ್ನೊಂದು ಗಂಟು ನೀಲಿ, ಆ ರವಿಕೆಯೂ ಇತ್ತು. ಮತ್ತೊಂದು ಮೆರೂನು, ನಾನು ಅವತ್ತು ತೊಟ್ಟು ಬಂದಿದ್ದದ್ದೇ.

ತವರಿನಿಂದ ಹೊರಡುವ ಮಗಳಿಗೆ ನಮ್ಮಲ್ಲಿ ಮಡಿಲು ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಒಂದು ರವಿಕೆ ಕಣ. ತುಂಬಿಸಿಕೊಂಡವಳು ಅದರಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಮೊರಕ್ಕೆ ತಿರುಗಿ ಹಾಕಬೇಕು, ಮನೆಯ ಲಕ್ಷ್ಮಿಯನ್ನು ಪೂರ್ತಿ ಹೊತ್ತುಕೊಂಡು ಹೋಗಬಾರದು ಎಂದು. ನಾನೂ ಪ್ರತಿ ಸಲ ಬಸ್ಸಿನ ಗಡಿಬಿಡಿಯಲ್ಲಿ ಚಿಟಿಕೆ ಹಾಕಿ ಓಡುತ್ತಿದ್ದೆ. ಆ ಚಿಟಿಕೆ ಏನಾಗುತ್ತದೆ ಎಂದು ಯಾರು ನೋಡುತ್ತಾರೆ? ಅಮ್ಮ ಕಣದ ಅಂಚಿನಲ್ಲಿ ಮೊದಲೇ ಒಂದು ಚೂರು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳು. ದರ್ಜಿ ಪ್ರತಿ ಸಲ ಬಟ್ಟೆ ಸ್ವಲ್ಪ ಸಾಲದು ಎನ್ನುತ್ತಿದ್ದ, ನಾನು ಅಂಗಡಿಯವನನ್ನು ಬೈಯುತ್ತಿದ್ದೆ. ಆ ಚೂರಿನಲ್ಲಿ ಅವಳು ನನ್ನ ಚಿಟಿಕೆ ಅಕ್ಕಿ ಕಟ್ಟಿ, ಮುಂದಿನ ಸಲ ನನ್ನನ್ನು ಹೊರಗೆ ಕಳಿಸಿ, ಚಿನ್ನದ ಹಿಂದೆ ಬಚ್ಚಿಡುತ್ತಿದ್ದಳು. ತವರು ನೀರುಪಾಲಾದವಳು ಮಗಳು ಬಂದು ಹೋದದ್ದನ್ನು ಬ್ಯಾಂಕಿನಲ್ಲಿ ಇಟ್ಟಿದ್ದಳು.

ಆ ಸಣ್ಣ ಕೋಣೆಯಲ್ಲಿ ನಿಂತು ಅತ್ತೆ. ಅಮ್ಮಾ, ಒಂದು ಸಲ ಹೇಳಬಾರದಿತ್ತೇ ಎಂದು ಗಟ್ಟಿಯಾಗಿಯೇ ಅಂದೆನೋ ಏನೋ, ಆಫೀಸರ್ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ನನ್ನ ಕೈಯಲ್ಲಿದ್ದ ಹಿಟ್ಟು ನೋಡಿದಳು.

"ಅಕ್ಕಿ ಇಟ್ಟಿದ್ರಾ ಮೇಡಂ? ಇಡಬಾರ್ದು. ಪಕ್ಕದವರ ಲಾಕರಿಗೂ ಹುಳ ಹೋಗ್ತದೆ" ಎಂದು ಮೆತ್ತಗೆ ಹೇಳಿ, ಒಂದು ಲೋಟ ನೀರು ತಂದುಕೊಟ್ಟಳು.

ಕರಾರಿಗೆ ಸಹಿ ಹಾಕಲಿಲ್ಲ. ಕೀಲಿಯನ್ನು ಬ್ಯಾಂಕಿಗೇ ಹಿಂದಿರುಗಿಸಿ ಲಾಕರು ಬಿಟ್ಟುಬಿಟ್ಟೆ. ಹಟ ಹಿಡಿದು ಬಂದವಳು ಒಡವೆಯ ಡಬ್ಬವನ್ನೂ ಅಮ್ಮನ ಚೀಲವನ್ನೂ ಎತ್ತಿಕೊಂಡು ಹೊರಗೆ ಬಂದೆ. ಬರೀ ಒಡವೆ ಇಟ್ಟುಕೊಳ್ಳುವುದಕ್ಕೆ ನನಗೆ ಆ ಲಾಕರು ಬೇಕಿರಲಿಲ್ಲ.

ಮನೆಗೆ ಹೋಗಿ ಉಂಡೆವು. ಹೊರಡುವಾಗ ಅತ್ತಿಗೆ ಮೊರ ಹಿಡಿದುಕೊಂಡು ಬಂದರು. ಅಮ್ಮ ಹೋದ ಮೇಲೆ ಮೊದಲ ಸಲ ನನಗೆ ಮಡಿಲು ತುಂಬಿದ್ದು ಅವತ್ತು. ಪಾಪ, ಒಂದೂ ಕಡಿಮೆ ಮಾಡಲಿಲ್ಲ, ಕಣವೂ ಒಳ್ಳೆಯದೇ. "ಉಂಡೂ ಹೋದ, ಕೊಂಡೂ ಹೋದ ಅನ್ನೂದು ನಿನ್ನಂಥವಕ್ಕೇ" ಎಂದು ಅಣ್ಣ ಜಗಲಿಯಿಂದ ಛೇಡಿಸಿದ. ನಾನು ಒಂದು ಚಿಟಿಕೆ ಅಕ್ಕಿ ತೆಗೆದು ಮೊರಕ್ಕೆ ಹಾಕಿದೆ.

ಅತ್ತಿಗೆ ಮೊರ ಹಿಡಿದು ಒಳಗೆ ಹೋದರು. ಇಷ್ಟು ವರ್ಷದಲ್ಲಿ ಮೊದಲ ಬಾರಿ ನಾನು ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದೆ. ಅವರು ಅಡುಗೆಮನೆಯ ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು, ಮೊರ ಬಗ್ಗಿಸಿ ಕೊಡವಿ, ಮುಚ್ಚಳ ಹಾಕಿ ಕೈ ಒರೆಸಿಕೊಂಡರು. ಎಲ್ಲರ ಮನೆಯಲ್ಲೂ ಮಾಡುವುದು ಅದನ್ನೇ, ಮಾಡಬೇಕಾದ್ದೂ ಅದೇ. ನಾಳೆ ಬೆಳಿಗ್ಗೆ ಅದು ಬೆಂದು ಅನ್ನವಾಗುತ್ತದೆ, ಅಣ್ಣನ ಮನೆಯವರು ಉಣ್ಣುತ್ತಾರೆ. ನನ್ನ ಚಿಟಿಕೆ ಯಾವುದು ಎಂದು ಹುಡುಕುವವರು ಇನ್ನು ಯಾರೂ ಇಲ್ಲ.