ಪೂಂಗೊಡಿಯ ಸೂಜಿಮದ್ದು, ಊರವರ ಬಳೆ

ನರ್ಸಮ್ಮ ಬಂದು ತನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಾಗ ನಲ್ಲಶಿವಂ ನಕ್ಕುಬಿಟ್ಟಿದ್ದ. "ಸಿಸ್ಟರ್, ಪೇಷಂಟು ನಾನಲ್ಲ, ಇವಳು!" ಎಂದು ಹೆಂಡತಿಯ ಕೈಯನ್ನು ಹಿಡಿದೆತ್ತಿ, ಗಿರಾಕಿಗೆ ಬಟ್ಟೆ ತೋರಿಸುವವನ ಹಾಗೆ ಮುಂದೆ ಚಾಚಿದ್ದ. ಬಸಿರು ನಿಲ್ಲದಿದ್ದರೆ ಗಂಡನ ರಕ್ತವನ್ನೂ ನೋಡುತ್ತಾರೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಅವನದು ಚೆಕಿಂಗ್ ಕೆಲಸ. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ತನ್ನಲ್ಲೂ ಹುಡುಕಬಹುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಸುಮ್ನೆ ಕೂತ್ಕೊಳ್ಳಿ ಮಾಮ, ಮರ್ಯಾದೆ ತೆಗೀಬೇಡಿ," ಎಂದು ಪೂಂಗೊಡಿ ಗಂಡನನ್ನು ಗದರಿದಳು. ಸೂಜಿ ಕಂಡದ್ದೇ ತಡ, ಅವನು ಬೆಂಚಿನಿಂದ ಜಾರಿದ. ಕೊನೆಗೆ ಅವನ ರಕ್ತದಲ್ಲಿ ದೋಷವೇನೂ ಸಿಗಲಿಲ್ಲ. ಮಾನ ಮಾತ್ರ ಆ ಬೆಂಚಿನ ಕೆಳಗೇ ಉಳಿಯಿತು.

ಪೂಂಗೊಡಿ ಅದೇ ಕಂಪನಿಯಲ್ಲಿ ಓವರ್‌ಲಾಕ್ ಮಿಷಿನ್ನಿನ ಟೈಲರ್. ಹೊರದೇಶದ ಕೂಸುಗಳ ಅಂಗಿಗೆ ತೋಳು ಕೂಡಿಸುವವಳು. ಹಾಗೆ ತೋಳು ಕೂಡಿಸುತ್ತಿದ್ದ ವರ್ಷಗಳಲ್ಲೇ ಮೂರು ಬಸಿರು ಕಳೆದುಕೊಂಡಿದ್ದಳು. ಮೂರರಲ್ಲಿ ಒಂದೂ ಮೂರನೆಯ ತಿಂಗಳು ದಾಟಲಿಲ್ಲ. ಮೊದಲನೆಯದಕ್ಕೆ ಪಪ್ಪಾಯಿ ಕಾರಣ ಎಂದರು ಜನ. ಎರಡನೆಯದಕ್ಕೆ ಮಿಷಿನ್ನಿನ ಪೆಡಲು. ಮೂರನೆಯ ಸಲ ಅವಳು ಕೆಲಸ ಬಿಟ್ಟು ಮಲಗಿಯೇ ಇದ್ದಳಲ್ಲ, ಹಾಗಾಗಿ ಮಲಗಿದ್ದೇ ತಪ್ಪು ಎಂದಾಯಿತು.

ಸಾಲದ್ದಕ್ಕೆ ಬಳೆಗಳು. ಯಾರ ಮನೆಯಲ್ಲಿ ಬಸುರಿಗೆ ಬಳೆ ತೊಡಿಸಿದರೂ ಪೂಂಗೊಡಿಯನ್ನು ಎಳೆದು ತಂದು ಬಸುರಿಯ ಪಕ್ಕ ಕೂರಿಸುತ್ತಾರೆ. "ಇವಳಿಗೂ ಎರಡು ಹಾಕಿ, ಮುಂದಿನ ವರ್ಷ ಇವಳದ್ದೇ," ಎಂದು ಗಾಜಿನ ಬಳೆ ಏರಿಸುತ್ತಾರೆ. ಅವಳು ಮನೆಗೆ ಬಂದು ಅವನ್ನು ಕಳಚಿ ಹಳೆಯ ಬಿಸ್ಕತ್ ಡಬ್ಬಿಗೆ ಹಾಕುತ್ತಾಳೆ. ಡಬ್ಬಿ ತುಂಬಿ ಮುಚ್ಚಳ ಕೂರದಂತಾಗಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಪಪ್ಪಾಯಿಯನ್ನೂ ಪೆಡಲನ್ನೂ ಖುಲಾಸೆ ಮಾಡಿದರು. ಗರ್ಭಕೋಶದ ಸ್ಕ್ಯಾನು, ಥೈರಾಯ್ಡು, ಸಕ್ಕರೆ ಎಲ್ಲ ನೋಡಿದ ಮೇಲೆ ಒಂದು ರಕ್ತಪರೀಕ್ಷೆಯಲ್ಲಿ ಸುಳಿವು ಸಿಕ್ಕಿತು. "ರಕ್ತ ಬೇಡದ ಕಡೆ ಹೆಪ್ಪುಗಟ್ಟೋ ಸ್ವಭಾವ ಇದ್ದ ಹಾಗಿದೆ. ಕೂಸಿಗೆ ಆಹಾರ ಹೋಗೋ ದಾರಿ ಕಟ್ಟಿಕೊಳ್ಳುತ್ತೆ. ಮೂರು ತಿಂಗಳು ಬಿಟ್ಟು ಇದೇ ಪರೀಕ್ಷೆ ಮತ್ತೆ ಮಾಡೋಣ."

"ಅದೇ ರಕ್ತನ ಮತ್ತೆ ಏನು ನೋಡೋದು ಮೇಡಂ?" ನಲ್ಲಶಿವಂಗೆ ರೇಗಿತು.

"ಜ್ವರ ಗಿರ ಬಂದಾಗಲೂ ಒಂದೊಂದ್ಸಲ ಹೀಗೇ ತೋರಿಸುತ್ತಪ್ಪ. ಎರಡು ಸಲ ಕಂಡ್ರೆ ಮಾತ್ರ ನಂಬ್ತೀವಿ."

ಎರಡನೆಯ ಸಲವೂ ಕಂಡಿತು. ಮತ್ತೆ ಬಸಿರಾದಾಗ ಚಿಕ್ಕದೊಂದು ಆಸ್ಪಿರಿನ್ ಮಾತ್ರೆ, ದಿನಾ ಸಂಜೆ ಹೊಟ್ಟೆಯ ಚರ್ಮಕ್ಕೆ ಒಂದು ಸೂಜಿಮದ್ದು. ಹೇಳದೆ ಕೇಳದೆ ಬಿಡುವಂತಿಲ್ಲ. "ಗ್ಯಾರಂಟೀನಾ ಮೇಡಂ?" ಎಂದ ನಲ್ಲಶಿವಂ. "ಉಳಿಯೋ ಸಾಧ್ಯತೆ ಚೆನ್ನಾಗಿ ಹೆಚ್ಚುತ್ತೆ. ಗ್ಯಾರಂಟಿ ನಿಮ್ಮ ಬನಿಯನ್ನಿಗೆ ಕೊಟ್ಕೊಳ್ಳಿ," ಎಂದರು ಡಾಕ್ಟರಮ್ಮ.

ಈ ನಾಲ್ಕನೆಯದು ಮೂರನೆಯ ತಿಂಗಳಲ್ಲಿತ್ತು. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ಸೂಜಿ ಚುಚ್ಚಿಕೊಳ್ಳುವುದು ಪೂಂಗೊಡಿಯೇ. ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿಕೊಳ್ಳುವುದು ನಲ್ಲಶಿವಂನ ಪಾಲಿನ ಸೇವೆ.

ಒಂದು ಸಂಜೆ ಅವನು ಕೆಲಸದಿಂದ ಬಂದರೆ ಕಪಾಟಿನಲ್ಲಿ ಮದ್ದಿನ ಪೆಟ್ಟಿಗೆಯೇ ಇಲ್ಲ. ಹೆಂಡತಿಯೂ ತಾಯಿ ರಾಮಾತ್ತಾಳೂ ಪಕ್ಕದ ಮನೆಯ ಸುಗನ್ಯಾಳ ಬಳೆಶಾಸ್ತ್ರಕ್ಕೆ ಹೋಗಿದ್ದರು. ಹಾಸಿಗೆ ಕೊಡವಿ, ಮಂಚದಡಿ ತೂರಿ, ಕೊನೆಗೆ ಆ ಮನೆಯ ಅಂಗಳಕ್ಕೇ ನುಗ್ಗಿದ. ಪೂಂಗೊಡಿಯನ್ನು ಆಗಲೇ ಬಸುರಿಯ ಪಕ್ಕ ಕೂರಿಸಿದ್ದರು. ಪೂಂಗೊಡಿಯೂ ಬಸಿರಾಗಿರುವ ವಿಷಯ ಇನ್ನೂ ಹೊರಗಿನ ಯಾರಿಗೂ ತಿಳಿಸಿರಲಿಲ್ಲ.

"ಅಮ್ಮ, ಪೆಟ್ಟಿಗೆ ಎಲ್ಲಿ?"

"ಯಾವ ಪೆಟ್ಟಿಗೆಯೋ?" ಎಂದ ರಾಮಾತ್ತಾಳ್ ಚಿತ್ರಾನ್ನದ ತಟ್ಟೆ ನೋಡಿದಳು.

"ಅಮ್ಮಾ!"

"ಅಕ್ಕಿ ಡ್ರಮ್ಮಲ್ಲಿದೆ, ಏನೀಗ? ನೀನೇ ಹೇಳ್ದೆಯಲ್ಲೋ, ರಕ್ತ ತೆಳ್ಳಗೆ ಮಾಡೋ ಮದ್ದು ಅಂತ. ತೆಳ್ಳಗಾದ್ರೆ ಸೋರಲ್ವಾ? ನಾನು ಬೀಟ್ರೂಟು, ಖರ್ಜೂರ, ನುಗ್ಗೆಸೊಪ್ಪು ತಿನ್ನಿಸಿ ಗಟ್ಟಿ ಮಾಡ್ತೀನಿ, ಇವಳು ಸಂಜೆ ಚುಚ್ಕೊಂಡು ಎಲ್ಲಾ ನೀರು ಮಾಡ್ತಾಳೆ!"

ನಲ್ಲಶಿವಂ ತಲೆ ಚಚ್ಚಿಕೊಂಡ. ಡಾಕ್ಟರಮ್ಮನ ಮುಂದೆ ಕೂತು ತಾನೇನು ತಿಳಿದುಕೊಂಡನೋ ಅದನ್ನು ತಾಯಿಗೆ ಒಂದೇ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದ ಮಹಾಶಯ ಅವನೇ. "ಬೀಟ್ರೂಟು ತಿನ್ಲಿ ಅಮ್ಮ, ಬೇಡ ಅಂದೋರ್ಯಾರು? ಅದು ಬೇರೆ, ಇದು ಬೇರೆ. ಅವಳ ರಕ್ತ ಆಗಲೇ ಬೇಡದಷ್ಟು ಗಟ್ಟಿಯಾಗೋ ಜಾತಿದು!"

ಅಂಗಳದ ಹೆಂಗಸರೆಲ್ಲ ಪೂಂಗೊಡಿಯ ಹೊಟ್ಟೆಯನ್ನೇ ನೋಡತೊಡಗಿದರು. ಅವಳು ಎದ್ದು ಮನೆಗೆ ಹೋದಳು. ಮೊಣಕೈವರೆಗೆ ಅಕ್ಕಿಯ ತೌಡು ಹತ್ತಿಸಿಕೊಂಡು ಪೆಟ್ಟಿಗೆಯನ್ನು ಅದೇ ಅಂಗಳಕ್ಕೆ ತಂದಳು. ಕೈ ತೊಳೆದು ಬಂದು, ಗೋಡೆಯ ಕಡೆ ತಿರುಗಿ, ಸೆರಗು ಸರಿಸಿ ಚುಚ್ಚಿಕೊಂಡಳು. ನಲ್ಲಶಿವಂ ಕಣ್ಣು ಮುಚ್ಚಿಕೊಂಡ. ಮತ್ತೆ ಬಿಟ್ಟಾಗ ತಾಯಿಯೂ ಮುಚ್ಚಿಕೊಂಡಿದ್ದುದು ಕಾಣಿಸಿತು.

ಯಾರೋ ಬಳೆ ಹಿಡಿದು ಮುಂದೆ ಬಂದರು. ರಾಮಾತ್ತಾಳ್ ಅವರನ್ನು ತಡೆದಳು. ಸೊಸೆಯ ಕಡೆ ತಿರುಗಿದಾಗ ಅವಳ ದನಿ ಇಳಿದಿತ್ತು. "ಅಲ್ಲಮ್ಮ, ಇಷ್ಟೆಲ್ಲ ಚುಚ್ಕೊಂಡೂ ಇದೂ ನಿಲ್ಲದೇ ಹೋದ್ರೆ? ಆಗ ಏನ್ಮಾಡ್ತೀಯೇ?"

ಪೂಂಗೊಡಿ ಖಾಲಿ ಸಿರಿಂಜಿಗೆ ಮುಚ್ಚಳ ಹಾಕಿದಳು.

"ಅಳ್ತೀನಿ ಅತ್ತೆ. ಆಮೇಲೆ ಅದೇ ಡಾಕ್ಟರ ಹತ್ರ ಹೋಗ್ತೀನಿ. ಇವರ ಬಳೆಗೆ ಮಾತ್ರ ಇನ್ನು ಕೈ ನೀಡಲ್ಲ."