ಅವ್ವ ತಂದ ಬೇಳೆ, ನಮ್ಮ ನಳದ ನೀರು

ಗೆಳೆಯರೇ, ಇವತ್ತು ನಮ್ಮ ಅಂಬೇವಾಡಿ ಮನೆಯಲ್ಲಿ ಒಂದು ಕುಕ್ಕರ್ ನಮ್ಮವ್ವನ ಬಾಯಿ ಮುಚ್ಚಿಸಿತು.

ಹಳಿಯಾಳದ ಹತ್ತಿರದ ನಮ್ಮೂರಲ್ಲಿ ಅಣ್ಣ ಬೋರ್ ಹಾಕಿಸಿದಾಗಿನಿಂದ ಅವ್ವ ಅವನ ಹೆಂಡತಿಯನ್ನು, ಅಂದರೆ ನನ್ನ ವೈನಿಯನ್ನು, ಬೈಯುತ್ತಲೇ ಇದ್ದಳು. ಬೇಳೆ ಬೇಯದಿದ್ದರೂ, ಸಾಬೂನು ನೊರೆ ಕೊಡದಿದ್ದರೂ ಸೊಸೆಯದೇ ತಪ್ಪು. "ನೀರು ಗಡಸು ಅದಾವ್ರಿ ಅತ್ತಿ" ಅಂದರೆ, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ಬೀಗರ ಎದುರೇ ಅಂದುಬಿಟ್ಟಳು. ವೈನಿ ಅಳುತ್ತ ಮುಂಡಗೋಡದ ತವರಿಗೆ ಹೋದರು.

ಇವತ್ತು ಅವ್ವ ನನ್ನ ಮನೆಗೆ ಬಂದವಳು, ಊರಿಂದ ತಂದ ಅದೇ ತೊಗರಿಬೇಳೆಯನ್ನು ತಾನೇ ಕುಕ್ಕರಿಗೆ ಹಾಕಿದಳು. ನಮ್ಮ ನಳಕ್ಕೆ ಬರುವುದು ಹೊಳೆಯ ಮೆದು ನೀರು. ಮುಚ್ಚಳ ತೆಗೆದರೆ ಬೇಳೆ ಬೆಣ್ಣೆಯಂತೆ ಕರಗಿತ್ತು. ಅವ್ವ ಸೌಟಿನಿಂದ ಮತ್ತೆ ಮತ್ತೆ ತಿರುವಿ ನೋಡಿದಳು.

"ಊರಾಗ ನಾ ಇಟ್ರೂ ಹಿಂಗ ಬೇಯೂದಿಲ್ಲೇನ?"

"ಇಲ್ಲವ್ವಾ. ಆ ನೀರಾಗ ಸುಣ್ಣದಂಶ ಭಾಳ ಐತಿ. ಬ್ಯಾಳಿ ಬಿರುಸ ಉಳಿತೈತಿ."

ಅವಳ ಕಣ್ಣು ತುಂಬಿತು. ವೈನಿಗೆ ಫೋನ್ ಹಚ್ಚಿಸಿಕೊಂಡು, "ತಪ್ಪು ನಂದ ಐತಿ. ಮನಿಗೆ ಬಾರವ್ವಾ" ಅಂದಳು. ಆ ಕಡೆಯಿಂದ, "ನಾಳೆ ಬರ್ತೇನ್ರಿ" ಎಂದು ಕೇಳಿಸಿತು.

ಸಂಜೆ ಅವ್ವ ದೊಡ್ಡ ಕ್ಯಾನಿಗೆ ನಮ್ಮ ನಳದ ನೀರು ತುಂಬಿದಳು. "ಬಸ್ಸಿನ್ಯಾಗ ಮಂದಿ ನಗ್ತಾರವ್ವಾ" ಅಂದೆ.

"ನಗ್ಲಿ. ನಾಳೆ ಸೊಸಿಗೆ ನಾನ ಬ್ಯಾಳಿ ಬೇಯಿಸಿ ಹಾಕ್ತೇನಿ."

ಬಸ್ ನಿಲ್ದಾಣದ ತನಕ ಕ್ಯಾನ್ ಹೊತ್ತವಳು ನಾನು. ನೀರು ಮೆದುವಾದರೂ ಭಾರವೇನೂ ಕಡಿಮೆ ಇರುವುದಿಲ್ಲ.