ಅವಳ ಪರವಾಗಿ ಮಾತಾಡು

ನಮ್ಮ ಸಮಾಜ ವಿಜ್ಞಾನದ ಮೇಡಂ ಕುತ್ತಿಗೆಗೆ ವರ್ಷವಿಡೀ ಕತ್ತುನೋವಿನ ಬಿಳಿ ಪಟ್ಟಿ ಬಿಗಿದಿರುತ್ತಿತ್ತು. ಕತ್ತು ಹೊರಳುತ್ತಿರಲಿಲ್ಲ, ಹಿಂದಿನ ಬೆಂಚಿನವಳ ಪೆದ್ದು ಪ್ರಶ್ನೆಗೂ ಅವರು ಇಡೀ ಮೈಯನ್ನೇ ತಿರುಗಿಸಿ ನಿಂತು ಉತ್ತರಿಸಬೇಕಿತ್ತು.

ಬಸವನಗುಡಿಯ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮಾನವ ಹಕ್ಕುಗಳ ಪಾಠವೆಂದರೆ ಪರೀಕ್ಷೆಯ ಎರಡಂಕದ ಪ್ರಶ್ನೆ, ಅಷ್ಟೆ. ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದು ಗೆದ್ದು ತಲೆ ತಿರುಗಿದ್ದ ನಾನು, ಯಾರೂ ಜಾರಿ ಮಾಡದ ಹಕ್ಕು ಇದ್ದರೆಷ್ಟು ಬಿಟ್ಟರೆಷ್ಟು ಎಂದು ವಾದಿಸುತ್ತಿದ್ದೆ. ಮೇಡಂ ಗದರುತ್ತಿರಲಿಲ್ಲ. 'ಎಲ್ಲರಿಗೂ ಗೊತ್ತು' ಎಂದು ವಾಕ್ಯ ಶುರುಮಾಡಿದರೆ ಮಾತ್ರ ತಡೆಯುತ್ತಿದ್ದರು: "ಎಲ್ಲರಿಗೂ ಗೊತ್ತಿರೋದು ಬೇಡ. ನಿಂಗೆ ಗೊತ್ತಿರೋದು ಹೇಳು."

ಒಂಬತ್ತನೇ ತರಗತಿ. ಒಂದು ದಿನ ಆಟದ ಪೀರಿಯಡ್ ಮುಗಿಸಿ ಬಂದರೆ ಒಬ್ಬಳ ವಾಚು ಕಾಣೆ. ಕೋಣೆಯಲ್ಲಿ ಉಳಿದಿದ್ದವಳು ಒಬ್ಬಳೇ, ತಳ್ಳುಗಾಡಿಯಲ್ಲಿ ತರಕಾರಿ ಮಾರುವವರ ಮಗಳು. ನಾಳೆ ಟೀಸಿ ಕೊಟ್ಟು ಕಳಿಸುವುದೆಂದು ಹೆಡ್ ಮಿಸ್ ಹೇಳಿಬಿಟ್ಟರು. ಮೇಡಂ ಕ್ಲಾಸಿನಲ್ಲೂ ಅದೇ ಗುಸುಗುಸು. ನಾನು ಎದ್ದು ನಿಂತು ಅವಕಾಶ, ಅಗತ್ಯ, ಅವಳ ಮೌನ ಎಂದು ಮೂರು ಅಂಶ ಜೋಡಿಸಿ, ಅವಳೇ ಕಳ್ಳಿ ಎಂದು ಸಾಧಿಸಿದೆ. ಚಪ್ಪಾಳೆ ಬಿತ್ತು. ಅವಳು ಡೆಸ್ಕ್ ನೋಡುತ್ತ ಕೂತಿದ್ದಳು.

ಮೇಡಂ ನನ್ನತ್ತ ತಿರುಗಿದರು. "ಚೆನ್ನಾಗಿತ್ತು. ನಾಳೆ ಹೆಡ್ ಮಿಸ್ ಮುಂದೆ ಅವಳ ಪರವಾಗಿ ಮಾತಾಡು."

"ಅವಳೇ ತಗೊಂಡಿದ್ರೆ?"

"ತಗೊಂಡಿದ್ರೂ."

ವಾದಕ್ಕೆ ಸರಕು ಬೇಕಲ್ಲ, ಊಟದ ಹೊತ್ತಿಗೆ ಹೋಗಿ ಅವಳ ಪಕ್ಕ ಕೂತೆ. ದಿನಾ ನಸುಕಿನಲ್ಲೇ ಅಪ್ಪನ ಜೊತೆ ಮಾರ್ಕೆಟ್ಟಿಗೆ ಹೋಗುತ್ತಾಳಂತೆ. ಆಟದ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಾಳಂತೆ. ವಾಚು ನೋಡೇ ಇಲ್ಲ ಅಂದಳು. ಇದನ್ನು ಮೊದಲೇ ಹೇಳಲು ಏನಾಗಿತ್ತು ಎಂದು ರೇಗಿದೆ.

"ಯಾರು ಕೇಳಿದ್ರು?" ಅಂದಳು. "ನೀನಾದ್ರೂ ಕೇಳ್ತೀಯ ಅನ್ಕೊಂಡಿದ್ದೆ. ಅಷ್ಟೊಂದು ಮಾತಾಡ್ತೀಯಲ್ಲ."

ಮರುದಿನ ಹೆಡ್ ಮಿಸ್ ಕೋಣೆಯಲ್ಲಿ ನನ್ನ ಅಂಶಗಳೆಲ್ಲ ಹಾರಿಹೋದವು. ಅವಳನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡಿದೆವು, ಅದರಲ್ಲಿ ನಾನೇ ಮುಂದಿದ್ದೆ, ಮೊದಲು ಅವಳನ್ನು ಕೇಳಿ ಎಂದಷ್ಟೇ ತೊದಲಿದೆ. ಮೇಡಂ ಬಾಗಿಲ ಬಳಿ ನಿಂತಿದ್ದರು. ಹೆಡ್ ಮಿಸ್ ಅವಳನ್ನು ಕೂರಿಸಿಕೊಂಡು ಕೇಳಿದರು. ಟೀಸಿ ಕೊಡಲಿಲ್ಲ. ವಾಚು ಸಿಗಲೇ ಇಲ್ಲ.

ನನ್ನ ಸಂಶಯದ ಬುದ್ಧಿ ಸುಮ್ಮನಿದ್ದೀತೇ? ಅವಳು ತಗೊಂಡಿಲ್ಲ ಅಂತ ನಿಮಗೆ ಹೇಗೆ ಗೊತ್ತಿತ್ತು ಎಂದು ವಾರದ ಮೇಲೆ ಮೇಡಂ ಹತ್ತಿರ ಕೇಳಿದೆ. ಅವರು ಅವರೆಕಾಳು ಉಸಲಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

"ನಂಗೂ ಗೊತ್ತಿರ್ಲಿಲ್ಲ ಕಣೇ."

ಇಷ್ಟು ಕಾಲ ವಾದ ಮಾಡಿದ್ದೇನೆ, ಈಗಲೂ ಬಾಯಿ ತೆರೆಯುವ ಮುನ್ನ ಆ ಮಾತು ನೆನಪಾಗುತ್ತದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಫೋನ್ ಮಾಡಿ ತಿಳಿಸಿದವಳು ಆ ತರಕಾರಿಯವರ ಮಗಳೇ. ಚಾಮರಾಜಪೇಟೆಯ ಮೇಡಂ ಮನೆಗೆ ಇಬ್ಬರೂ ನಡೆದೇ ಹೋದೆವು. ದಾರಿಯುದ್ದಕ್ಕೂ ಅವಳು ಮಾತಾಡಿದಳು. ನಾನು ಕೇಳುತ್ತ ನಡೆದೆ.